ಗೊರಕೆ ಹೊಡೆಯುವ ಅಪ್ಪನಿಗೆ ನಿದ್ರೆ ಅಳೆಯುವ ಪಟ್ಟಿ: ಯಾವ ಸೆನ್ಸರ್ ಹಾಕಲಿ?

ನೀವು ಮಂಡ್ಯ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿ. ಕಬ್ಬು ಬೆಳೆಯುವ ಅಪ್ಪನಿಗೆ ಮಣಿಕಟ್ಟಿನ ಪಟ್ಟಿ ಮಾಡಿಕೊಟ್ಟಿದ್ದೀರಿ. ಅವರು ನಡುರಾತ್ರಿ ಬಿಚ್ಚಿಡುತ್ತಾರೆ. ಇದಕ್ಕಿಂತ ಒಳ್ಳೆಯ ಸೆನ್ಸರ್ ಯಾವುದು ಅಂತ ಕೇಳಿದ್ದೀರಿ. ನಾನು ಮೈಸೂರಿನ ಹೆಬ್ಬಾಳದಲ್ಲಿ ಸಣ್ಣ ಎಲೆಕ್ಟ್ರಾನಿಕ್ ಸಾಧನಗಳ ವಿನ್ಯಾಸ ಮಾಡುತ್ತೇನೆ. ಸೆನ್ಸರ್ ಹಾಗೇ ಇರಲಿ, ಜಾಗ ಬದಲಿಸಿ.

ಈ ಸೆನ್ಸರ್ ಚರ್ಮದೊಳಗೆ ಬೆಳಕು ಹಾಯಿಸಿ ರಕ್ತವನ್ನು ಅಳೆಯುತ್ತದೆ. ಮಣಿಕಟ್ಟಿನಲ್ಲಿ ಮೂಳೆ ಜಾಸ್ತಿ, ಮಾಂಸ ಕಡಿಮೆ. ಸಡಿಲ ಕಟ್ಟಿದರೆ ಹೊರಗಿನ ಬೆಳಕು ನುಗ್ಗಿ ರೀಡಿಂಗ್ ಕೆಡುತ್ತದೆ, ಬಿಗಿ ಕಟ್ಟಿದರೆ ರಕ್ತದ ಓಟಕ್ಕೇ ಅಡ್ಡಿ. ಕೈಯನ್ನು ತಲೆಯಡಿ ಇಟ್ಟು ಮಲಗುವವರಿಗೆ ಕೆನ್ನೆಗೆ ಒತ್ತುತ್ತದೆ. ಅಮ್ಮನಿಗೂ ಕಟ್ಟಿ ನೋಡೋಣ ಅಂದರೆ ಬಳೆ. ಉಂಗುರವಾದರೆ ಸಿಗ್ನಲ್ ಚೆನ್ನಾಗಿ ಬರುತ್ತದೆ, ನಿಜ. ಆದರೆ ಒಬ್ಬರದ್ದು ಇನ್ನೊಬ್ಬರಿಗೆ ಆಗಲ್ಲ, ಅಷ್ಟು ಚಿಕ್ಕದರೊಳಗೆ ಬೋರ್ಡ್ ಕೂರಿಸುವುದು ಕಾಲೇಜು ಲ್ಯಾಬಿನಲ್ಲಿ ಕಷ್ಟ.

ತೋಳಿಗೆ ಕಟ್ಟಿ. ತೋಳಿಗೆ ತಾಯತ ಕಟ್ಟಿಕೊಂಡು ನಮ್ಮ ಜನ ವರ್ಷಗಟ್ಟಲೆ ಮಲಗುತ್ತಾರೆ ಅಲ್ವಾ? ಗಟ್ಟಿ ಭಾಗ ತೋಳಿನ ಮುಂಬದಿಗೆ ಬರಲಿ, ಮಗ್ಗುಲಾದಾಗ ಚಾಪೆಗೆ ಒತ್ತುವುದು ಹೊರಬದಿ. ಸಿಲಿಕೋನ್ ಪಟ್ಟಿ ಬೇಡ, ಏಪ್ರಿಲ್ ಸೆಕೆಯಲ್ಲಿ ಫ್ಯಾನ್ ನಿಂತರೆ ಅದರಡಿ ಬೆವರು ಕಟ್ಟಿ ತುರಿಕೆ ಶುರು. ಎರಡು ಬೆರಳು ಅಗಲದ ಎಲಾಸ್ಟಿಕ್ ಬಟ್ಟೆ ಸಾಕು, ಒಗೆಯಲು ಬಿಚ್ಚಿಕೊಳ್ಳುವ ಹಾಗಿರಲಿ. ನಿಕ್ಕಲ್ ಬಕಲ್ ಚರ್ಮಕ್ಕೆ ತಾಗಬಾರದು, ಕೆಲವರಿಗೆ ಅಲರ್ಜಿ ಆಗುತ್ತದೆ.

ನಿದ್ದೆಯಲ್ಲಿ ಉಸಿರು ಕನಿಷ್ಠ 10 ಸೆಕೆಂಡು ನಿಂತರೆ ಅದನ್ನು ಆಪ್ನಿಯಾ ಎನ್ನುತ್ತಾರೆ. ಆಗ ರಕ್ತದ ಆಮ್ಲಜನಕ ಸಾಮಾನ್ಯವಾಗಿ ಇಳಿಯುತ್ತದೆ. ಅದನ್ನು ಹಿಡಿಯಲು ಸುಮಾರು 660 ನ್ಯಾನೋಮೀಟರಿನ ಕೆಂಪು, 940ರ ಇನ್‌ಫ್ರಾರೆಡ್ ಎಲ್‌ಇಡಿ ಬೇಕು. ಜೊತೆಗೆ ಮೈಯ ಅಲುಗಾಟ ಹಿಡಿಯಲು ಒಂದು ಆಕ್ಸೆಲೆರೋಮೀಟರ್. ಮಿದುಳಿನ ಅಲೆಗಳನ್ನು ತೋಳಿನಿಂದ ಅಳೆಯಲಾಗದು, ಹಾಗಾಗಿ ಗಾಢ ನಿದ್ರೆ, ಕನಸಿನ ನಿದ್ರೆ ಅಂತ ಸುಮ್ನೆ ಗ್ರಾಫ್ ಬರೆಯಬೇಡಿ.

ಬ್ಯಾಟರಿ ದೊಡ್ಡದಾದಷ್ಟೂ ಪಟ್ಟಿ ದಪ್ಪ. ಸರಾಸರಿ 3 ಮಿಲಿಆಂಪ್ ಎಳೆದರೆ 10 ಗಂಟೆಗೆ 30 ಎಂಎಎಚ್ (ಮಿಲಿಆಂಪ್-ಗಂಟೆ), 40ರ ಸೆಲ್ ಸಾಕು. ರಾತ್ರಿಯಿಡೀ ಬ್ಲೂಟೂತ್ ಬೇಡ. ಡೇಟಾ ಒಳಗೇ ಉಳಿಸಿ ಬೆಳಿಗ್ಗೆ ಕಳಿಸಿ.

ನಿಮ್ಮ ಕೋಡ್ ರಾತ್ರಿ 10ರಿಂದ 6ರವರೆಗೆ ಒಂದೇ ನಿದ್ದೆ ಅಂದುಕೊಂಡಿದ್ದರೆ ತಿದ್ದಿ. ತ್ರೀ ಫೇಸ್ ಕರೆಂಟ್ ಬಂತು ಅಂತ 2 ಗಂಟೆಗೆ ಎದ್ದು ಮೋಟಾರ್ ಹಾಕಿ ಬರುವ ರೈತನ ನಿದ್ದೆ ಎರಡು ತುಂಡು. ಅದನ್ನು ಕಾಯಿಲೆ ಅಂತ ತೋರಿಸಿದರೆ ಅಪ್ಪನೇ ನಗುತ್ತಾರೆ.

ಅವರು ಉಸಿರುಕಟ್ಟಿ ಬೆಚ್ಚಿ ಏಳುತ್ತಿದ್ದರೆ, ಹಗಲು ಕೂತಲ್ಲೇ ತೂಕಡಿಸುತ್ತಿದ್ದರೆ ಪ್ರಾಜೆಕ್ಟ್ ಮುಗಿಯಲಿ ಅಂತ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಸ್ಲೀಪ್ ಸ್ಟಡಿ, ಅಂದರೆ ರಾತ್ರಿ ಮಲಗಿಸಿ ನಿದ್ದೆ ಪರೀಕ್ಷೆ ಮಾಡುವ ಆಸ್ಪತ್ರೆಗಳು ಮೈಸೂರಿನಲ್ಲೇ ಇವೆ. ಡಾಕ್ಟರ್ ಒಪ್ಪಿದರೆ ಆ ರಾತ್ರಿ ನಿಮ್ಮ ಪಟ್ಟಿಯನ್ನೂ ಕಟ್ಟಿಬಿಡಿ, ಎರಡೂ ರೀಡಿಂಗ್ ಪಕ್ಕಪಕ್ಕ ಇಟ್ಟು ನೋಡಬಹುದು.