ಅಡಿಗಲ್ಲಿಗೆ ತೂಕ ಬೇಕು, ಅಂದವಲ್ಲ

ಪ್ರಶ್ನೆ: ತಂದೆಯವರು ಕುಲುಮೆ ಮುಚ್ಚಿ ಎಂಟು ವರ್ಷಗಳಾದವು. ನಾನು ಅದನ್ನು ಮತ್ತೆ ತೆರೆಯಬೇಕೆಂದಿದ್ದೇನೆ. ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಉಪಕರಣಗಳಿಗೆ 15,000 ರೂಪಾಯಿವರೆಗಿನ ಇ-ವೋಚರ್ ಸಿಗುತ್ತದೆ. ಕಾದ ಕಬ್ಬಿಣವನ್ನು ಇಟ್ಟು ಬಡಿಯಲು ಆನ್‌ಲೈನ್‌ನಲ್ಲಿ ನೀಲಿ ಬಣ್ಣದ 25 ಕೆ.ಜಿ. ಅಡಿಗಲ್ಲು ನೋಡಿದ್ದೇನೆ. ಕೊಳ್ಳಬಹುದೇ?
– ಓದುಗರು, ಹಾಸನ ಜಿಲ್ಲೆ

ಉತ್ತರ: ಮೊದಲು ನನ್ನದೊಂದು ಪ್ರಶ್ನೆ. ತಂದೆಯವರ ಅಡಿಗಲ್ಲು ಈಗ ಎಲ್ಲಿದೆ? ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲೋ, ಕೊಟ್ಟಿಗೆಯ ಬಾಗಿಲಿಗೆ ಒತ್ತಾಗಿಯೋ ಬಿದ್ದಿದ್ದರೆ ನಿಮ್ಮ ಹುಡುಕಾಟ ಮುಗಿಯಿತು. ಅಂಚು ಚಕ್ಕೆ ಎದ್ದಿದ್ದರೂ, ನಡುವೆ ಸ್ವಲ್ಪ ತಗ್ಗಾಗಿದ್ದರೂ ಚಿಂತೆಯಿಲ್ಲ. ಗ್ರೈಂಡರ್ ಹಿಡಿದು ಅದರ ಮುಖವನ್ನು ಮಾತ್ರ ಮಟ್ಟ ಮಾಡಬೇಡಿ. ಹಳೆಯ ಅಡಿಗಲ್ಲುಗಳಲ್ಲಿ ಗಟ್ಟಿ ಉಕ್ಕು ಇರುವುದು ಮೇಲಿನ ತೆಳು ಪದರದಲ್ಲಿ. ಅದನ್ನು ಸವೆಸಿದರೆ ಕೆಳಗಿರುವುದು ಮೆದು ಕಬ್ಬಿಣ. ಚೂಪಾದ ಅಂಚನ್ನು ಸ್ವಲ್ಪ ಗುಂಡಗೆ ಮಾಡಿದರೆ ಸಾಕು.

ಅದು ಗುಜರಿ ಸೇರಿದ್ದರೆ ಹೊಸದನ್ನು ನೋಡೋಣ. ಬಣ್ಣ ಬಳಿದು ಬರುವ ಅಗ್ಗದ ಅಡಿಗಲ್ಲುಗಳಲ್ಲಿ ಬಹಳಷ್ಟು ಬೀಡು ಕಬ್ಬಿಣದವು. ಪೆಟ್ಟನ್ನು ನುಂಗುತ್ತವೆ, ಅಂಚು ಒಡೆಯುತ್ತದೆ. ಪರೀಕ್ಷೆ ಸುಲಭ. ಅರ್ಧ ಇಂಚಿನ ಬೇರಿಂಗ್ ಗುಂಡೊಂದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಹತ್ತು ಇಂಚು ಎತ್ತರದಿಂದ ಮುಖದ ಮೇಲೆ ಬೀಳಿಸಿ. ಎಂಟು ಇಂಚು ಪುಟಿದರೆ ಒಳ್ಳೆಯ ಉಕ್ಕು. ಮೂರು ನಾಲ್ಕು ಇಂಚಿಗೇ ಸುಸ್ತಾದರೆ ನಮಸ್ಕಾರ ಹೇಳಿ ಬನ್ನಿ. ಗುಂಡು ಬೀಳಿಸಲು ಬಿಡದ ಅಂಗಡಿಯಿಂದಲೂ ಹಾಗೆಯೇ ಬನ್ನಿ. ಆನ್‌ಲೈನ್‌ನಲ್ಲಿ ಗುಂಡು ಬೀಳಿಸಲಾಗದು, ಆದ್ದರಿಂದ ನನ್ನ ಉತ್ತರ ಬೇಡ ಎಂದೇ.

ರೈಲು ಕಂಬಿಯ ತುಂಡು ನನಗೆ ಹೆಚ್ಚು ಇಷ್ಟ. ಮೀಟರಿಗೆ 52 ಕೆ.ಜಿ. ತೂಗುವ ಕಂಬಿಯ ಎರಡು ಅಡಿ ತುಂಡು ಸುಮಾರು 32 ಕೆ.ಜಿ. ಇರುತ್ತದೆ. ಎಲ್ಲರೂ ಅದನ್ನು ಹಳಿಯಂತೆಯೇ ಮಲಗಿಸಿ ಬಡಿಯುತ್ತಾರೆ. ಹಾಗೆ ಮಲಗಿಸಿದಾಗ ಸುತ್ತಿಗೆಯ ನೇರ ಕೆಳಗೆ ಇರುವುದು ತೆಳುವಾದ ನಡುಭಾಗ. ಪೆಟ್ಟು ಬಿದ್ದಾಗಲೆಲ್ಲ ಕಂಬಿ ನಡುಗುತ್ತದೆ, ನಿಮ್ಮ ಕಿವಿಯೂ ಗುಂಯ್‌ಗುಡುತ್ತದೆ. ಅದನ್ನು ಕಂಬದಂತೆ ನೆಟ್ಟಗೆ ನಿಲ್ಲಿಸಿ, ಕಾಲುಭಾಗ ಮರದ ದಿಮ್ಮಿಯೊಳಗೆ ಬಿಗಿಯಾಗಿ ಕೂರುವಂತೆ ಮಾಡಿ. ಆಗ 32 ಕಿಲೋ ಪೂರ್ತಿ ಪೆಟ್ಟಿನ ಕೆಳಗೆ ಬರುತ್ತದೆ. ಮುಖ ಚಿಕ್ಕದಾಯಿತಲ್ಲ ಎಂದು ಕೇಳಬಹುದು. ಕಂಬಿಯ ತಲೆ 67 ಮಿ.ಮೀ. ಅಗಲವಿದೆ, ನಿಮ್ಮ ಸುತ್ತಿಗೆಯ ಮುಖ ಅದಕ್ಕಿಂತ ಚಿಕ್ಕದು. ಕಬ್ಬಿಣ ಹಿಗ್ಗುವುದು ಸುತ್ತಿಗೆ ತಾಗಿದಲ್ಲಿ ಮಾತ್ರ.

ಒಂದು ಎಚ್ಚರಿಕೆ. ಹಳಿಯ ಪಕ್ಕ ಬಿದ್ದಿರುವ ತುಂಡಿಗೆ ಯಜಮಾನರಿಲ್ಲ ಎಂದುಕೊಳ್ಳಬೇಡಿ. ರೈಲ್ವೆ ಆಸ್ತಿಯನ್ನು ಅಕ್ರಮವಾಗಿ ಇಟ್ಟುಕೊಳ್ಳುವುದರ ವಿರುದ್ಧ 1966ರ ಕಾಯ್ದೆಯಿದೆ. ಕದ್ದದ್ದೆಂಬ ಅನುಮಾನ ಬಂದರೆ, ಅದು ನ್ಯಾಯವಾಗಿ ಬಂದದ್ದೆಂದು ತೋರಿಸಬೇಕಾದವರು ನೀವೇ. ಬಿಲ್ಲು ಕೊಡುವ ಗುಜರಿಯವರಿಂದಲೇ ಕೊಂಡು ಆ ಬಿಲ್ಲನ್ನು ಜೋಪಾನ ಮಾಡಿ. ಕಂಬಿ ಸಿಗದಿದ್ದರೆ ಲಾರಿಯ ಆಕ್ಸಲ್ ತುಂಡಾದರೂ ಆದೀತು.

ದಿಮ್ಮಿ ಹುಣಸೆಯದೋ ಜಾಲಿಯದೋ ಇರಲಿ, ಒಂದೂವರೆ ಅಡಿ ನೆಲದೊಳಗೆ ಹೂಳಿ. ನಿಂತು ಕೈ ಇಳಿಬಿಟ್ಟು ಮುಷ್ಟಿ ಕಟ್ಟಿದರೆ ಗೆಣ್ಣು ತಾಗುವಷ್ಟು ಎತ್ತರ ಸರಿ. ತಂದೆಯವರು ಕುಳಿತು ಕೆಲಸ ಮಾಡಿರಬಹುದು. ಆಗ ಎದುರಿಗೆ ಸಮ್ಮಟಿಗೆ ಹಿಡಿದವರೊಬ್ಬರು ನಿಂತಿರುತ್ತಿದ್ದರು. ನೀವು ಒಬ್ಬರೇ ಆದರೆ ನಿಂತೇ ಮಾಡಿ.

ಉಳಿದ ಹಣದಲ್ಲಿ ಒಂದು ಕಿಲೋದ ಸುತ್ತಿಗೆ, ಒಳ್ಳೆಯ ಅರ, ತುಂಡನ್ನು ಕಚ್ಚಿ ಹಿಡಿಯಲು ನೆಲಕ್ಕೆ ಕಾಲೂರುವ ವೈಸ್ ಕೊಳ್ಳಿ. ಮೇಜಿನ ವೈಸ್‌ನಲ್ಲಿ ಸುತ್ತಿಗೆ ಬೀಸಿದರೆ ಅದರ ದವಡೆ ಒಂದು ದಿನ ಕೈಗೆ ಬರುತ್ತದೆ. ಇಕ್ಕಳಕ್ಕೆ ದುಡ್ಡು ಹಾಕಬೇಡಿ. ಇಕ್ಕಳ ಕೊಳ್ಳುವ ಕಮ್ಮಾರ ಎಂದರೆ ಹೋಟೆಲಿನಿಂದ ಅನ್ನ ತರಿಸುವ ಅಡುಗೆಭಟ್ಟನಿದ್ದಂತೆ. ನಿಮ್ಮ ಕುಲುಮೆಯ ಮೊದಲ ಕೆಲಸ ಇಕ್ಕಳ ಮಾಡುವುದೇ ಆಗಲಿ.

ಪ್ರಶ್ನೆ: ತೆಂಗಿನ ಚಿಪ್ಪಿನ ಇದ್ದಿಲು ನಮ್ಮಲ್ಲಿ ಧಾರಾಳವಾಗಿದೆ. ಕರೆಂಟಿನ ಬ್ಲೋವರ್ ಹಾಕಿದ ಮೇಲೆ ಮಧ್ಯಾಹ್ನದೊಳಗೆ ಚೀಲ ಖಾಲಿ. ಗಾಳಿ ಕಡಿಮೆ ಮಾಡಲು ಫ್ಯಾನಿನ ರೆಗ್ಯುಲೇಟರ್ ಹಾಕಿದರೆ ಮೋಟಾರು ಬಿಸಿಯಾಗುತ್ತದೆ.
– ಓದುಗರು, ತಿಪಟೂರು

ಉತ್ತರ: ರೆಗ್ಯುಲೇಟರ್ ತೆಗೆದುಬಿಡಿ. ಮೋಟಾರು ತನ್ನ ವೇಗದಲ್ಲೇ ತಿರುಗಲಿ, ಕೊಳವೆಯ ನಡುವೆ ತಗಡಿನ ಅಡ್ಡಪಟ್ಟಿ ಇಟ್ಟು ಗಾಳಿಯನ್ನು ತಡೆಯಿರಿ. ಹೆಚ್ಚಾದ ಗಾಳಿ ಇದ್ದಿಲನ್ನು ಸುಡುವುದಷ್ಟೇ ಅಲ್ಲ, ಕಬ್ಬಿಣವನ್ನೂ ತಿನ್ನುತ್ತದೆ. ಕಾದ ತುಂಡಿನಿಂದ ಹಪ್ಪಳದಂತೆ ಪದರ ಏಳುತ್ತಿದ್ದರೆ ಗಾಳಿ ಜಾಸ್ತಿಯಾಗಿದೆ ಎಂದೇ ಅರ್ಥ. ಗಾಳಿಯ ಬಾಯಿಯ ಮೇಲೆ ಐದಾರು ಇಂಚು ಕೆಂಡವಿರಲಿ, ಕಬ್ಬಿಣ ಅದರ ಮೇಲ್ಭಾಗದಲ್ಲಿ ಹುದುಗಿರಲಿ. ಅಂಚಿನ ಇದ್ದಿಲಿಗೆ ಆಗಾಗ ನೀರು ಚಿಮುಕಿಸಿ. ಚಿಪ್ಪಿನ ಇದ್ದಿಲಿನ ಪುಡಿಯನ್ನು ಜರಡಿ ಹಿಡಿದು ತೆಗೆಯಿರಿ, ಇಲ್ಲವಾದರೆ ಅದು ಕಿಡಿಯಾಗಿ ಹಾರುತ್ತದೆ.

ಕೈಯಿಂದ ತಿರುಗಿಸುವ ಬ್ಲೋವರ್ ನನಗೆ ಇನ್ನೂ ಮೆಚ್ಚು. ಹಳೆಯ ತಿದಿಯ ಗುಣ ಅದಕ್ಕಿದೆ, ನೀವು ಕೈ ಬಿಟ್ಟರೆ ಅದೂ ನಿಲ್ಲುತ್ತದೆ. ಕರೆಂಟಿನದು ನೀವು ಅಡಿಗಲ್ಲಿನ ಮುಂದಿರುವಾಗಲೂ ಊದುತ್ತಲೇ ಇರುತ್ತದೆ. ನಿಮ್ಮ ಚೀಲ ಖಾಲಿಯಾಗುವುದು ಮುಖ್ಯವಾಗಿ ಆ ಹೊತ್ತಿನಲ್ಲೇ.

ಪ್ರಶ್ನೆ: ಲಾರಿಯ ಕಮಾನು ಪಟ್ಟಿಯಿಂದ ಕತ್ತಿ ಮಾಡಿ ನೀರಿಗೆ ಅದ್ದಿದರೆ ಟಿಕ್ ಎಂದು ಬಿರಿಯುತ್ತದೆ. ಅಜ್ಜ ಯಾವಾಗಲೂ ನೀರಿಗೇ ಹಾಕುತ್ತಿದ್ದರು.
– ಓದುಗರು, ಶಿರಸಿ

ಉತ್ತರ: ಅಜ್ಜನ ಕೈ ಸರಿಯಾಗಿಯೇ ಇತ್ತು, ನಿಮ್ಮ ಉಕ್ಕು ಬೇರೆ. ಮೆದು ಕಬ್ಬಿಣದ ಮೈಗೆ ಬಾಯಿಯಲ್ಲಿ ಮಾತ್ರ ಉಕ್ಕು ಕೂಡಿಸುವುದು ಹಳೆಯ ಪದ್ಧತಿ. ಅದು ನೀರನ್ನು ತಡೆಯುತ್ತದೆ. ಕಮಾನು ಪಟ್ಟಿಯಲ್ಲಿ ಸಾಮಾನ್ಯವಾಗಿ ಶೇ 0.5ರಿಂದ 0.6 ಇಂಗಾಲವಿದ್ದು, ಜೊತೆಗೆ ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ ಇರುತ್ತದೆ. ಅದಕ್ಕೆ ಎಣ್ಣೆಯೇ ಬೇಕು.

ಹಳೆಯ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಮೊದಲೇ ಇರಬಹುದು. ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣದ ಕಡ್ಡಿ ಉಜ್ಜಿ. ಬಿರುಕಿದ್ದರೆ ಕಪ್ಪು ಗೆರೆ ಮೂಡುತ್ತದೆ. ಬಡಿದು ಮುಗಿಸಿದ ಮೇಲೆ ಆಯಸ್ಕಾಂತ ಹಿಡಿಯದಷ್ಟು ಕಾಯಿಸಿ ಗಾಳಿಯಲ್ಲಿ ಆರಲು ಬಿಡಿ, ಹೀಗೆ ಮೂರು ಸಲ. ಬಡಿತದ ಸೆಡವು ಇದರಿಂದ ಇಳಿಯುತ್ತದೆ. ಆಯಸ್ಕಾಂತ ಬಿಡುವುದು ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹದಕ್ಕೆ ಅದಕ್ಕಿಂತ ತುಸು ಹೆಚ್ಚು ಕಾವು ಬೇಕು. ಬಿಸಿಲಿನಲ್ಲಿ ಕಾವಿನ ಬಣ್ಣ ಮೋಸ ಮಾಡುತ್ತದೆ, ಕುಲುಮೆಗೆ ನೆರಳಿರಲಿ.

ಎಣ್ಣೆ ಅಡುಗೆಯದಾದರೂ ಸರಿ, ಬೋಂಡಾ ಕರಿದು ಉಳಿದದ್ದಾದರೂ ಸರಿ, ನಾಲ್ಕೈದು ಲೀಟರ್ ಇರಲಿ. ಬೆರಳು ತಾಳದಷ್ಟು, ಅಂದರೆ 60 ಡಿಗ್ರಿಯಷ್ಟು ಬೆಚ್ಚಗಿರಲಿ. ಪಾತ್ರೆ ಕಬ್ಬಿಣದ್ದು, ಪಕ್ಕದಲ್ಲೇ ಮುಚ್ಚಳ. ಎಂಜಿನ್ನಿನ ಸುಟ್ಟ ಎಣ್ಣೆಯ ಹೊಗೆ ಒಳ್ಳೆಯದಲ್ಲ. ಅದ್ದುವಾಗ ಕತ್ತಿಯನ್ನು ಪಕ್ಕಕ್ಕೆ ಆಡಿಸಿದರೆ ಸೊಟ್ಟಗಾಗುತ್ತದೆ. ಆಮೇಲೆ ಬಾಯಿಗೆ ಅರ ತಿಕ್ಕಿ ನೋಡಿ, ಅದು ಜಾರಿದರೆ ಹದ ಹಿಡಿದಿದೆ. ಅವತ್ತೇ ಮೈ ಉಜ್ಜಿ ಹೊಳಪು ಮಾಡಿ, ಬೆನ್ನಿನ ಕಡೆಯಿಂದ ಮೆಲ್ಲಗೆ ಕಾಯಿಸಿ. ಒಣಹುಲ್ಲಿನ ಬಣ್ಣ, ಕಂದು, ನೇರಳೆ, ನೀಲಿ ಒಂದರ ಹಿಂದೆ ಒಂದು ಓಡಿಬರುತ್ತವೆ. ಅಡುಗೆಮನೆಯ ಕತ್ತಿಗೆ ಹುಲ್ಲಿನ ಬಣ್ಣದಲ್ಲಿ ನಿಲ್ಲಿಸಿ, ಕೊಂಬೆ ಕಡಿಯುವುದಕ್ಕೆ ನೇರಳೆ ದಾಟಲಿ.

ಪ್ರಶ್ನೆ: ಗಾಳಿ ಕೊಳವೆಗೆ ನೀರಿನ ಹಳೆಯ ಜಿ.ಐ. ಪೈಪು ಬಳಸಬಹುದೇ?
– ಓದುಗರು, ಹಾವೇರಿ

ಉತ್ತರ: ಬೆಂಕಿಯ ಹತ್ತಿರ ಬೇಡ. ಅದರ ಸತುವಿನ ಲೇಪ 907 ಡಿಗ್ರಿಯಲ್ಲಿ ಆವಿಯಾಗುತ್ತದೆ, ಕುಲುಮೆಗೆ ಅದು ದೊಡ್ಡ ಕಾವಲ್ಲ. ಬಿಳಿ ಹೊಗೆ ಕುಡಿದವರಿಗೆ ಸಂಜೆಗೆ ಚಳಿಜ್ವರ ಬರುತ್ತದೆ. ಹಾಲು ಕುಡಿದರೆ ಸರಿಹೋಗುತ್ತದೆ ಎಂಬ ವೆಲ್ಡಿಂಗ್ ಅಂಗಡಿಯ ಮಾತನ್ನು ನಂಬಬೇಡಿ. ಲೇಪವಿಲ್ಲದ ಕರಿ ಪೈಪು ತನ್ನಿ. ಜಿ.ಐ. ತುಂಡನ್ನು ಬ್ಲೋವರ್ ಕಡೆಯ ತಣ್ಣನೆಯ ತುದಿಗೆ ಜೋಡಿಸಿಕೊಳ್ಳಬಹುದು.