ಶಾಲು ಹೊದಿಸುವ ಮೊದಲು ಅವರ ಡೈರಿ ತೆರೆಯಿರಿ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಓದುಗರೊಬ್ಬರ ಪತ್ರದ ಸಾರ: ‘ಮನೆಮಠವಿಲ್ಲದ ಮಾಜಿ ಸೈನಿಕರಿಗೆ ಆಶ್ರಯ ಕೊಡುವ ನಮ್ಮೂರ ಸಂಸ್ಥೆಯ ಕಾರ್ಯದರ್ಶಿಗಳು 22 ವರ್ಷ ದುಡಿದು ನಿವೃತ್ತರಾಗುತ್ತಿದ್ದಾರೆ. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದಂದು ಮೆರವಣಿಗೆ ಮಾಡಿ, ಪೇಟ ತೊಡಿಸಿ, ಬೆಳ್ಳಿಯ ಸ್ಮರಣಿಕೆ ಕೊಡಬೇಕು, ಆಶ್ರಯ ಪಡೆದವರನ್ನೆಲ್ಲ ವೇದಿಕೆಗೆ ಕರೆಯಬೇಕು ಎಂದುಕೊಂಡಿದ್ದೇವೆ. ಅವರು ಮಾತ್ರ ಏನೂ ಬೇಡ ಎನ್ನುತ್ತಾರೆ. ಏನು ಮಾಡೋಣ?’

ಸಂಪಾದಕರ ಉತ್ತರ:

ಸನ್ಮಾನ ಖಂಡಿತ ಮಾಡಿ. ಬೇಡ ಎಂದರೆಂದು ಸುಮ್ಮನಿರುವುದು ಊರಿಗೆ ಶೋಭೆಯಲ್ಲ. ಆದರೆ ಇಂಥ ಕೆಲಸದಲ್ಲಿ ಆಯುಷ್ಯ ಸವೆಸಿದವರಿಗೆ ಬಿಟ್ಟುಹೋಗುವಾಗ ಕಾಡುವುದು ಒಂದೇ ಚಿಂತೆ: ನಾಳೆಯಿಂದ ಈ ಹಿರಿಯರ ಕಾಗದಪತ್ರ ಯಾರು ನೋಡುತ್ತಾರೆ? ಅದಕ್ಕೆ ಉತ್ತರ ಸಿಕ್ಕರೆ ಅವರು ನಿಮ್ಮ ಶಾಲನ್ನೂ ಒಪ್ಪಿಯಾರು.

ಊಟ, ಹಾಸಿಗೆ ಕೊಡುವುದು ಈ ಸೇವೆಯ ಸುಲಭದ ಪಾಲು. ರೈಲು ನಿಲ್ದಾಣದಲ್ಲಿ ಮಲಗಿದ್ದ ಮನುಷ್ಯ ಒಂದು ಕಾಲದಲ್ಲಿ ಸೈನಿಕನಾಗಿದ್ದ ಎಂದು ರುಜುವಾತು ಮಾಡುವುದು ಕಷ್ಟದ ಪಾಲು. ಸೇನೆಯಿಂದ ಬಿಡುಗಡೆಯಾಗುವಾಗ ಕೊಡುವ ಡಿಸ್ಚಾರ್ಜ್ ಬುಕ್ ಕಳೆದಿದ್ದರೆ ಮೊದಲು ಪೊಲೀಸ್ ದೂರು, ಆಮೇಲೆ ಅವರ ದಳದ ರೆಕಾರ್ಡ್ಸ್ ಕಚೇರಿಗೆ ಅರ್ಜಿ. ಮದ್ರಾಸ್ ರೆಜಿಮೆಂಟ್ ಆದರೆ ವೆಲ್ಲಿಂಗ್ಟನ್, ಮದ್ರಾಸ್ ಸ್ಯಾಪರ್ಸ್ ಆದರೆ ಬೆಂಗಳೂರು, ಸಿಗ್ನಲ್ಸ್ ಆದರೆ ಜಬಲ್ಪುರ, ಇಎಂಇ (ಯಂತ್ರೋಪಕರಣ ದುರಸ್ತಿಯ ದಳ) ಆದರೆ ಸಿಕಂದರಾಬಾದ್, ತೋಪಖಾನೆ ಆದರೆ ನಾಸಿಕ್ ರೋಡ್. ಹೆಂಡತಿಯ ಹೆಸರು ಮರೆತವರಿಗೂ ಸೇವಾ ಸಂಖ್ಯೆ ಬಾಯಿಪಾಠ ಇರುವುದುಂಟು. ಅದೊಂದು ಸಿಕ್ಕರೆ ಅರ್ಧ ದಾರಿ ಸವೆದಂತೆ.

ಬೀದಿಗೆ ಬೀಳುವ ಅಪಾಯ ಹೆಚ್ಚಾಗಿರುವುದು ಪಿಂಚಣಿಯೇ ಇಲ್ಲದವರಿಗೆ. ಸಿಪಾಯಿಯಿಂದ ಹವಾಲ್ದಾರ್‌ವರೆಗಿನವರಿಗೆ ಸಾಮಾನ್ಯವಾಗಿ 15 ವರ್ಷ ಸೇವೆಯಾಗದೆ ಪಿಂಚಣಿ ಸಿಗದು. 65 ದಾಟಿದ ಅಂಥವರಿಗೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಪೆನ್ಯುರಿ ಗ್ರ್ಯಾಂಟ್‌ಗೆ (ಕಡುಬಡತನದ ಸಹಾಯಧನ) ಅರ್ಜಿ ಹಾಕಬಹುದು. ತಿಂಗಳಿಗೆ 4,000 ರೂಪಾಯಿ ಇದ್ದದ್ದು 2025ರ ನವೆಂಬರ್ 1ರಿಂದ ಸಲ್ಲಿಸಿದ ಅರ್ಜಿಗಳಿಗೆ 8,000 ಆಗಿದೆ. ಆಸ್ತಿ ಬರೆಸಿಕೊಂಡು ಮಕ್ಕಳು ಹೊರಹಾಕಿದ್ದರೆ ದಾರಿ ಬೇರೆ: 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಅವರ ನ್ಯಾಯಮಂಡಳಿಗೆ ದೂರು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರವನ್ನು ಅಲ್ಲಿ ರದ್ದು ಮಾಡಿಸಲು ಅವಕಾಶವಿದೆ.

ಇದೆಲ್ಲ ನಿಮ್ಮ ಕಾರ್ಯದರ್ಶಿಗಳಿಗೆ ಗೊತ್ತು. ತೊಂದರೆಯೆಂದರೆ, ಅವರೊಬ್ಬರಿಗೇ ಗೊತ್ತು. ಆದ್ದರಿಂದ ಸಮಾರಂಭಕ್ಕೆ ಮೂರು ತಿಂಗಳಿರುವಾಗಲೇ ಇಬ್ಬರು ಯುವಕರು ಅವರ ಪಕ್ಕದಲ್ಲಿ ಕುಳಿತು ಅವರ ಡೈರಿಯಲ್ಲಿರುವ ಒಂದೊಂದು ಹೆಸರಿಗೂ ಒಂದು ಫೈಲ್ ಮಾಡಲಿ: ಸೇವಾ ಸಂಖ್ಯೆ, ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಬ್ಯಾಂಕ್ ಖಾತೆ, ಆಧಾರ್, ಮಾಜಿ ಸೈನಿಕರ ಚಿಕಿತ್ಸೆಯ ಇಸಿಎಚ್‌ಎಸ್ ಕಾರ್ಡ್, ನಿಂತುಹೋದ ಅರ್ಜಿ ಯಾವ ಮೇಜಿನಲ್ಲಿದೆ ಎಂಬ ಟಿಪ್ಪಣಿ. ಹೆಸರಿನ ಕಾಗುಣಿತವನ್ನು ಅಕ್ಷರ ಅಕ್ಷರವಾಗಿ ಹೋಲಿಸಿ. ಆಧಾರ್‌ನಲ್ಲಿ ‘ನಾಯ್ಕ’ ಎಂದಿದ್ದು ಸೇನೆಯ ದಾಖಲೆಯಲ್ಲಿ ‘ನಾಯಕ್’ ಎಂದಿದ್ದರೆ ಕಡತ ಅಲ್ಲೇ ಕೂರುತ್ತದೆ. ಹೆಂಡತಿಯ ಹೆಸರು ಪಾರ್ಟ್ ಟು ಆರ್ಡರ್‌ನಲ್ಲಿ (ಮದುವೆ, ಮಕ್ಕಳಂಥ ವಿವರ ನಮೂದಿಸುವ ಸೇನಾ ದಾಖಲೆ) ಸೇರಿದೆಯೇ ನೋಡಿ. ಇಲ್ಲದಿದ್ದರೆ ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗೆ ಆಕೆ ಅಲೆಯಬೇಕಾಗುತ್ತದೆ.

ಎಲ್ಲರೂ ಮರೆಯುವ ಒಂದು ಸಂಗತಿ ಮೊಬೈಲ್ ಸಂಖ್ಯೆ. ಫೋನ್ ಇಲ್ಲದವರ ಆಧಾರ್‌ಗೆ, ಬ್ಯಾಂಕಿಗೆ, ಸ್ಪರ್ಶ್ ಪಿಂಚಣಿ ಖಾತೆಗೆ ಕಾರ್ಯದರ್ಶಿಗಳು ತಮ್ಮದೇ ನಂಬರ್ ಕೊಟ್ಟಿರುವ ಸಾಧ್ಯತೆ ಹೆಚ್ಚು. ಅವರು ಮಗನ ಮನೆಗೆಂದು ದೂರದೂರಿಗೆ ಹೋದರೆ ಒಟಿಪಿಯೂ ಜೊತೆಗೇ ಹೋಗುತ್ತದೆ. ಸಂಸ್ಥೆಯ ಹೆಸರಿನಲ್ಲಿ ಒಂದು ಸಿಮ್ ಕೊಂಡು ಆ ನಂಬರ್‌ಗೆ ಬದಲಾಯಿಸುವುದು ಬೇಡ. ಆದಷ್ಟು ಮಟ್ಟಿಗೆ ಆಯಾ ಸೈನಿಕರ ಕೈಗೇ ಒಂದೊಂದು ಸಾದಾ ಫೋನ್ ಕೊಡಿ. ಬೆಳ್ಳಿಯ ಸ್ಮರಣಿಕೆಯ ದುಡ್ಡು ಇದಕ್ಕೆ ಹೋಗಲಿ.

ಧ್ವಜ ದಿನದ ಬದಲು ನವೆಂಬರ್ ಮೊದಲ ವಾರದ ಒಂದು ಕೆಲಸದ ದಿನ ಇಟ್ಟುಕೊಳ್ಳಿ. ಹೆಚ್ಚಿನ ಪಿಂಚಣಿದಾರರು ಬದುಕಿದ್ದೇವೆ ಎಂಬ ಲೈಫ್ ಸರ್ಟಿಫಿಕೇಟ್ ಕೊಡುವ ತಿಂಗಳು ಅದು. ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶವಿರುವುದರಿಂದ ಅವರದ್ದನ್ನು ಮೊದಲೇ ಮುಗಿಸಿ. ಬೆಳಗ್ಗೆ ಅದೇ ಸಭಾಂಗಣದಲ್ಲಿ ಆನ್‌ಲೈನ್ ಸರಕಾರಿ ಸೇವೆ ಕೊಡುವ ಅಕ್ಷಯ ಕೇಂದ್ರದವರನ್ನು ಕೂರಿಸಿ. ದುಡಿದ ಕೈಗಳ ರೇಖೆ ಸವೆದು ಬೆರಳಚ್ಚು ಹಿಡಿಯದಿದ್ದರೆ ಮುಖ ಗುರುತಿಸುವ ಆ್ಯಪ್‌ನಲ್ಲಿ ಮಾಡಿಸಬಹುದು. ಕಿಟಕಿಯ ಬೆಳಕು ಮುಖಕ್ಕೆ ಬೀಳುವಂತೆ ಕುರ್ಚಿ ಹಾಕಿ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1988ರಲ್ಲಿ ಶುರುವಾದ ‘ಸ್ಟ್ಯಾಂಡ್ ಡೌನ್’ ಶಿಬಿರಗಳದ್ದೂ ಇದೇ ಕ್ರಮ: ವೈದ್ಯರು, ಕ್ಷೌರ, ಬಟ್ಟೆ, ಕಾನೂನು ನೆರವು ಎಲ್ಲವೂ ಒಂದೇ ಕಡೆ.

ಆಶ್ರಯ ಪಡೆದವರನ್ನು ಸಾಲಾಗಿ ವೇದಿಕೆಗೆ ಹತ್ತಿಸಬೇಡಿ. ನಿರ್ಗತಿಕನೆಂದು ಊರೆದುರು ತೋರಿಸಿಕೊಳ್ಳಲು ಯಾವ ಸೈನಿಕನಿಗೂ ಮನಸ್ಸಾಗದು. ಮಾತಾಡುತ್ತೇನೆ ಎಂದು ತಾವಾಗಿ ಬಂದವರಿಗೆ ಮೈಕ್ ಕೊಡಿ, ಹೆಸರಿನ ಜೊತೆ ಅವರ ಹುದ್ದೆಯನ್ನೂ ಹೇಳಿ ಕರೆಯಿರಿ. ಉಳಿದವರು ಮುಂದಿನ ಸಾಲಿನಲ್ಲಿ ಅತಿಥಿಗಳಾಗಿ ಕೂರಲಿ.

ಹಾಗೆಯೇ, ಹೊಸ ಪದಾಧಿಕಾರಿಗಳ ಪಟ್ಟಿಯನ್ನು ಮಹಾಸಭೆಯಾಗಿ 14 ದಿನಗಳೊಳಗೆ ಜಿಲ್ಲಾ ರಿಜಿಸ್ಟ್ರಾರರಿಗೆ ಕೊಟ್ಟು, ಬ್ಯಾಂಕಿನಲ್ಲಿ ಸಹಿ ಬದಲಾಯಿಸಿ. ನಮ್ಮ ಸ್ಥಳೀಯ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಿಂದಲೇ ಬಂದದ್ದು. ಹೊಸಬರು ಅದನ್ನು ಮೊದಲ ಪತ್ರದಿಂದಲೇ ಬಳಸಲಿ.

ಇನ್ನು ಸನ್ಮಾನ ಪತ್ರ. ‘ನಿಸ್ವಾರ್ಥ ಕರ್ಮಯೋಗಿ’ ಎಂದು ಬರೆದರೆ ಅದು ಯಾರಿಗೂ ಹೊಂದುತ್ತದೆ. 22 ವರ್ಷಗಳಲ್ಲಿ ಎಷ್ಟು ಮಂದಿಗೆ ಪಿಂಚಣಿ ಮರಳಿ ಬಂತು, ಎಷ್ಟು ಮಂದಿ ಸ್ವಂತ ಮನೆ ಸೇರಿದರು, ವಾರಸುದಾರರಿಲ್ಲದ ಎಷ್ಟು ಮಂದಿಗೆ ಇವರೇ ಚಿತೆಗೆ ಬೆಂಕಿ ಇಟ್ಟರು, ಎಷ್ಟು ಮಂದಿಯ ಕಬರಿಗೆ ಮಣ್ಣು ಹಾಕಿದರು, ಅದನ್ನು ಲೆಕ್ಕ ಹಾಕಿ ಬರೆಯಿರಿ. ಡೈರಿಯಿಂದ ಫೈಲ್ ಮಾಡುವಾಗ ಈ ಲೆಕ್ಕವೂ ಕೈಗೆ ಬರುತ್ತದೆ. ಒಂದು ಪುಟ ಮೀರದಿರಲಿ. ಕರಡನ್ನು ನಮಗೆ ಕಳಿಸಿ, ತಿದ್ದಿ ಕೊಡುತ್ತೇವೆ.