ಕೂಫ್ಯಾಕ್ಸ್ ಗೆದ್ದಿದ್ದು 165 ಪಂದ್ಯ, ಆದರೂ ಬೇಸ್‌ಬಾಲ್‌ನ ಮಹಾನ್ ಪಿಚರ್ (ಚೆಂಡು ಎಸೆಯುವವರು) ಯಾಕೆ?

ನೀವು ಒಟ್ಟು ಗೆಲುವು ಮಾತ್ರ ನೋಡುತ್ತಿದ್ದೀರಿ, ಗೊಂದಲ ಅಲ್ಲೇ ಇರಬೇಕು. 300 ಗೆದ್ದವರ ಪಕ್ಕ ಸ್ಯಾಂಡಿ ಕೂಫ್ಯಾಕ್ಸ್ ಅವರ 165 ಕಡಿಮೆಯೇ. ಮೊದಲು ಅವರ ಅಂಕಿಅಂಶದ ಪಟ್ಟಿಯಲ್ಲಿ 1962ರಿಂದ 66ರವರೆಗಿನ ಸಾಲುಗಳನ್ನಷ್ಟೇ ಓದಿ. ಐದೂ ವರ್ಷ, ಅಮೆರಿಕದ ಎರಡು ದೊಡ್ಡ ಲೀಗ್‌ಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನಲ್ಲಿ ಅತಿ ಕಡಿಮೆ ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ತನ್ನ ಹೊಣೆಯಲ್ಲಿ ಬಿಟ್ಟುಕೊಟ್ಟ ಸರಾಸರಿ ರನ್; ಕಡಿಮೆ ಇದ್ದಷ್ಟೂ ಒಳ್ಳೆಯದು) ಅವರದೇ. ಕೊನೆಯ ವರ್ಷ 27 ಗೆಲುವು, ಇಆರ್‌ಎ 1.73. ಅದೂ ಎಡ ಮೊಣಕೈಯಲ್ಲಿ ಸಂಧಿವಾತ ಇಟ್ಟುಕೊಂಡು! ಆ ನೋವಿಗೇ 30ನೇ ವಯಸ್ಸಿಗೆ ಆಟ ಬಿಟ್ಟರು. ಗೆಲುವಿನ ಲೆಕ್ಕ ಬೆಳೆಯೋದು ಹೇಗೆ, ಅಲ್ವಾ?

ಆಮೇಲೆ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಅವರು ಗೆದ್ದ ವರ್ಷಗಳನ್ನು ನೋಡಿ: 1963, 65, 66. ಆಗ ಎರಡೂ ಲೀಗ್‌ಗೆ ಸೇರಿ ಕೊಡುತ್ತಿದ್ದದ್ದು ಒಂದೇ.

ಕೊನೆಗೆ ತವರಿನ ಪಂದ್ಯ, ಹೊರಗಿನ ಪಂದ್ಯ ಬೇರೆ ಬೇರೆ ಮಾಡಿ. ಅವರ ತವರು ಡಾಡ್ಜರ್ ಸ್ಟೇಡಿಯಂ ಆಗ ಪಿಚರ್‌ಗಳಿಗೆ ಅನುಕೂಲದ ಮೈದಾನವಾಗಿತ್ತು. ಅವರ ಅಂಕಿಗಳಲ್ಲಿ ಅದರ ಪಾಲು ಇಷ್ಟೇ ಅಂತ ಯಾರೂ ಖಚಿತವಾಗಿ ಹೇಳಲಾರರು. 1963 ಮತ್ತು 66ರ ಹೊರಗಿನ ಅಂಕಿಗಳಿಂದ ಶುರುಮಾಡಿ.